ಕೆಲಸದ ಕೈ

ಜನವರಿ 9

ಮಾವನನ್ನು ಆಚೆ ದಡದ ಆಸ್ಪತ್ರೆಗೆ ಸೇರಿಸಿ ಬಂದೆವು. ನಿನ್ನೆಯಿಂದಲೇ ಒಂದಕ್ಕೆ ಕಟ್ಟಿಕೊಂಡಿತ್ತಂತೆ, ಮನುಷ್ಯ ಬಾಯಿ ಬಿಟ್ಟಿರಲಿಲ್ಲ. ಬೆಳಗಿನ ದೋಣಿ ದಡಕ್ಕೆ ಮುಟ್ಟಿಸಿ, ಹಗ್ಗ ಕಟ್ಟಿ, ಆಮೇಲೆ ಹೊಟ್ಟೆ ಹಿಡಿದುಕೊಂಡು ಕುಸಿದರು. ಹಗ್ಗ ಕಟ್ಟದೆ ಕುಸಿಯುವ ಪೈಕಿ ಅಲ್ಲ ಅವರು. ಆಸ್ಪತ್ರೆಯಲ್ಲಿ ನಳಿಕೆ ಹಾಕಿದ ಮೇಲೆ ಮುಖಕ್ಕೆ ಬಣ್ಣ ಬಂತು. ಸೋಂಕು ಇಳಿದ ಮೇಲೆ ಆಪರೇಷನ್ ಎಂದಿದ್ದಾರೆ.

ಈಗ ದೋಣಿ ಯಾರು ನಡೆಸಬೇಕು? ನಮ್ಮವರು ದರ್ಜಿ. ಅಳತೆ ಟೇಪು ಹೆಗಲ ಮೇಲಿದ್ದರೆ ಅವರಷ್ಟು ಗಟ್ಟಿ ಮನುಷ್ಯ ಇನ್ನೊಬ್ಬನಿಲ್ಲ. ದಕ್ಕೆಯ ಮೇಲೆ ನಿಂತರೆ ಮಾತ್ರ ತಲೆ ಸುತ್ತಿ ಕಂಬ ಹುಡುಕುತ್ತಾರೆ. ದೋಣಿಯವನ ಮಗ ಹೀಗೆ ಹುಟ್ಟಿದ್ದಕ್ಕೆ ಜನ ನಕ್ಕು ನಕ್ಕು ಸುಸ್ತಾಗಿ ಈಗ ಬಿಟ್ಟಿದ್ದಾರೆ. ಉಳಿದವಳು ನಾನು. ಹುಟ್ಟು ಹಾಕಲು ಬರುತ್ತದೆ, ದೋಣಿ ತಿರುಗಿಸಲು ಬರುತ್ತದೆ. ಆದರೆ ಮೋಟರಿನ ಹತ್ತಿರಕ್ಕೆ ಮಾವ ಯಾರನ್ನೂ ಬಿಟ್ಟುಕೊಂಡವರಲ್ಲ.

ಆ ಮೋಟರು ನನ್ನ ಮದುವೆಗೆ ಮೊದಲೇ ಈ ಮನೆಗೆ ಬಂದದ್ದು. ಅದಕ್ಕೇ ಅತ್ತೆ ಬದುಕಿದ್ದಾಗ ಅದನ್ನು ‘ಹಿರಿ ಸೊಸೆ’ ಎನ್ನುತ್ತಿದ್ದರು. ಆ ಲೆಕ್ಕಕ್ಕೆ ಅದು ನನಗೆ ಓರಗಿತ್ತಿ. ನಮ್ಮಿಬ್ಬರಿಗೆ ಯಾವತ್ತೂ ಆಗಿಬಂದಿಲ್ಲ. ಮನೆಯಲ್ಲಿ ಸಿಹಿನೀರಿಗೆ ತತ್ವಾರವಿದ್ದರೂ ಓರಗಿತ್ತಿಗೆ ಮಾತ್ರ ಮೈಯ ಉಪ್ಪು ಕಳೆಯಲು ದಿನಾ ಸಂಜೆ ಡ್ರಮ್ಮು ತುಂಬ ಸಿಹಿನೀರಿನ ಸ್ನಾನ. ಆ ಡ್ರಮ್ಮಿಗೆ ಚೊಂಬು ಅದ್ದಿದರೆ ಮಾವ ಒಂದು ಮಾತೂ ಆಡದೆ ಚೊಂಬನ್ನೇ ನೋಡುತ್ತಿದ್ದರು. ಬೈದಿದ್ದರೂ ವಾಸಿಯಿತ್ತು.

ದೋಣಿಯಲ್ಲಿ ಅವರ ದರ್ಬಾರು ಇನ್ನೂ ಜೋರು. ಮೋಟರು ಶುರುವಾದ ಕೂಡಲೇ ಒಂದು ಕಿವಿ ಓರೆ ಮಾಡಿ, ದೋಣಿ ತುಂಬ ಕೂತ ಜನಕ್ಕೆ “ಸ್ವಲ್ಪ ಸುಮ್ಮನಿರಿ, ಅವಳ ಮಾತು ಕೇಳಿಸ್ತಿಲ್ಲ” ಎನ್ನುತ್ತಿದ್ದರು. ದೊಡ್ಡವರು ಚಿಕ್ಕವರು ಎಂಬುದಿಲ್ಲ, ಎಲ್ಲರಿಗೂ ಅದೇ ಮಾತು. ನನಗಂತೂ ನಾಚಿಕೆಯಾಗಿ ನೀರಿಗೆ ಹಾರೋಣ ಅನ್ನಿಸುತ್ತಿತ್ತು. ಕಬ್ಬಿಣ ಮಾತಾಡುತ್ತದೆಯೇ?

ನಾಳೆ ಬೆಳಗಿನ ದೋಣಿ ನನ್ನದು. ಮಾವ ಕಟ್ಟಿದ ಗಂಟು ಬಿಚ್ಚುವುದಕ್ಕೇ ಇವತ್ತು ಬಹಳ ಹೊತ್ತು ಹಿಡಿಯಿತು. ಅವರ ಗಂಟುಗಳೆಲ್ಲ ನನ್ನ ಬೆರಳಿಗೆ ಯಾಕೋ ತಿರುಗುಮುರುಗು.

ಜನವರಿ 12

ದೋಣಿ ನಡೆಸಿದೆ. ಯಾರೂ ಮುಳುಗಲಿಲ್ಲ. ಆಸ್ಪತ್ರೆಯ ನರ್ಸಮ್ಮ ದಿನಾ ನಮ್ಮ ದೋಣಿಯಲ್ಲೇ ಕೆಲಸಕ್ಕೆ ಹೋಗುವವರು. ಮೊದಲ ದಿನ ಬೆಂಚಿನ ಅಂಚು ಬಿಗಿಯಾಗಿ ಹಿಡಿದು ಕೂತಿದ್ದರು. ಇವತ್ತು ತಿಂಡಿ ಡಬ್ಬಿ ಬಿಚ್ಚಿದರು. ಇದಕ್ಕಿಂತ ದೊಡ್ಡ ಮರ್ಯಾದೆ ನನಗೆ ಬೇಡ.

ಸಂಜೆ ಮಾವನ ಫೋನು. ಹೇಗಿದ್ದೀಯ, ಮಗ ಉಂಡನೇ, ಯಾವುದೂ ಇಲ್ಲ.

“ಒಂದಕ್ಕೆ ಸರಿಯಾಗಿ ಹೋಗ್ತಾ ಇದ್ದಾಳಾ?”

ಮೋಟರಿನ ಮಾತು ಅದು. ನೀರಿಗೆ ಇಳಿಬಿಟ್ಟ ಅದರ ಕಾಲಿನ ಜಾಲರಿಯಿಂದ ಅಳಿವೆಯ ನೀರು ಮೇಲೇರಿ, ಮೋಟರಿನ ಒಳಗೆಲ್ಲ ಸುತ್ತಿ, ಅದರ ಬಿಸಿಯನ್ನು ಹೊತ್ತು ಹೊರಗೆ ಹೋಗುತ್ತದೆ. ಅದರಲ್ಲಿ ಒಂದಿಷ್ಟು ಹಿಂದಿನ ಸಣ್ಣ ತೂತಿನಿಂದ ಚಿಮ್ಮುತ್ತದೆ. ಚಿಮ್ಮುತ್ತಿದ್ದರೆ ಒಳಗೆ ತಂಪು, ನಿಂತರೆ ಗಂಡಾಂತರ. ಅದಕ್ಕೆ ಮಾವ ಇಟ್ಟ ಹೆಸರು ಒಂದಕ್ಕೆ ಹೋಗುವುದು.

“ಇಲ್ಲ ಮಾವ, ಹನಿ ಹನಿ.”

“ನಂದೂ ಅಷ್ಟೇ,” ಎಂದರು.

ಪಕ್ಕದಲ್ಲಿ ಇವರು ಸೂಜಿಗೆ ದಾರ ಪೋಣಿಸುತ್ತಿದ್ದವರು ನಗು ತಡೆಯಲಾರದೆ ಬೆರಳು ಚುಚ್ಚಿಕೊಂಡರು. ಮಾವ ಮಾತ್ರ ನಗಲಿಲ್ಲ. “ತೂತಿನಲ್ಲಿ ಉಪ್ಪು ಕಟ್ಟಿರುತ್ತೆ. ತೆಳು ತಂತಿ ಆಡಿಸು. ಮೆತ್ತಗೆ. ಅವಳಿಗೆ ನೋವಾಗಬಾರದು.”

ಜನವರಿ 13

ತಂತಿ ಆಡಿಸಿದೆ. ಉಪ್ಪಿನ ಹರಳು ಉದುರಿತು. ಆಮೇಲೆ ಬಂದ ಧಾರೆಯನ್ನು ಏನೆಂದು ಹೇಳಲಿ, ದೋಣಿಯ ಹಿಂದೆ ಬಿಲ್ಲಿನ ಹಾಗೆ ಬಾಗಿ ಬಿತ್ತು. ನಾಲ್ಕು ಜನಕ್ಕೆ ಕರೆದು ತೋರಿಸಿದೆ. ಒಬ್ಬ ಮೂಟೆ ಹೊರುವವನು “ಅಕ್ಕ, ಒಂದಕ್ಕೆ ಹೋಗೋದನ್ನ ಕರೆದು ತೋರಿಸೋಳನ್ನ ಇವತ್ತೇ ನೋಡಿದ್ದು” ಎಂದ. ಎನ್ನಲಿ. ಮೋಟರು ಏನು ಮಹಾ ವಿದ್ಯೆ, ಒಂದು ತಂತಿಯಲ್ಲಿ ಮುಗಿಯಿತು.

ಜನವರಿ 17

ಮುಗಿಯಲಿಲ್ಲ.

ಅಳಿವೆಯ ನಡುಮಧ್ಯೆ, ಇಳಿತದ ಸೆಳೆತ ಜೋರಾಗಿರುವ ಕಡೆ, ಧಾರೆ ಸಣ್ಣಗಾಗುತ್ತಾ ಹೋಯಿತು. ಇನ್ನೇನು ಬರುತ್ತದೆ ಎಂದುಕೊಂಡು ನಾನು ಮುಂದೆ ನಡೆಸಿದೆ. ಸುಟ್ಟ ಬಣ್ಣದ ವಾಸನೆ ಬಂತು, ಮೋಟರು ಕೆಮ್ಮಿ ನಿಂತಿತು. ಹುಟ್ಟು ಹಿಡಿದೆ, ಆದರೆ ತುಂಬಿದ ದೋಣಿ ಸೆಳೆತಕ್ಕೆ ಸಿಕ್ಕಿ ಕಡಲ ಕಡೆ ಜಾರತೊಡಗಿತು. ನರ್ಸಮ್ಮ ಡಬ್ಬಿ ಮುಚ್ಚಿದರು.

ಇನ್ನೊಂದು ದೋಣಿಯ ಬೆಳ್ಳಿ ಬಂದು ಎಳೆದುಕೊಂಡು ಹೋದ. ಅವನ ಹೊಸ ಮೋಟರು ಬೆಳ್ಳಿಯ ಹಾಗೆ ಹೊಳೆಯುವುದಕ್ಕೆ ಆ ಹೆಸರು. ನಮ್ಮ ಸರದಿಯ ಮೇಲೆ ಅವನಿಗೆ ಕಣ್ಣಿದೆ, ಮುಚ್ಚಿಟ್ಟಿಲ್ಲ. ಆದರೂ ಮನುಷ್ಯ ಒಳ್ಳೆಯವನೇ. “ಅತ್ತಿಗೆ, ಹಗ್ಗ ಹಿಡೀರಿ. ಕಣ್ಣು ಒರೆಸ್ಕೊಳ್ಳೋದು ದಡದಲ್ಲಿ ಮಾಡೋಣ” ಎಂದ. ನಾನು ಅಳುತ್ತಿರಲಿಲ್ಲ. ಉಪ್ಪುನೀರು ಹಾರಿತ್ತು.

ದಕ್ಕೆಯಲ್ಲಿ ಸೀಟಿ ಸಾಹೇಬರು ಕಾದಿದ್ದರು. ದಕ್ಕೆಯ ಮೇಲ್ವಿಚಾರಕರು, ಮಾತಿಗಿಂತ ಸೀಟಿಯೇ ಹೆಚ್ಚು ಊದುವವರು. ಇವತ್ತು ಸೀಟಿ ತೆಗೆದು ಜೇಬಿಗಿಟ್ಟು ಮಾತಾಡಿದರು.

“ನೋಡಿ ಅಮ್ಮ, ಜನರ ಜೀವದ ವಿಷಯ. ರಿಪೇರಿ ಮಾಡ್ಕೊಳ್ಳಿ, ಅಲ್ಲೀವರೆಗೆ ಬೆಳ್ಳಿ ಓಡಿಸಲಿ. ಆಮೇಲೆ ತುಂಬಿದ ದೋಣೀಲಿ ನಾನೇ ಕೂತ್ಕೊಂಡು ಹೋಗಿ ಬರ್ತೀನಿ. ಎಲ್ಲಾದರೂ ನಿಂತ್ರೆ ಜನ ದಾಟಿಸೋ ಈ ದಾಟು ಅವನದು. ನಿಮ್ಮ ಮಾವನ ಮೇಲೆ ನನಗೆ ಗೌರವ ಇದೆ, ಆದರೆ ಗೌರವದ ಮೇಲೆ ದೋಣಿ ತೇಲೋದಿಲ್ಲ.”

ಮಾವ ಹಾಸಿಗೆಯಿಂದಲೇ ಎಲ್ಲ ಕೇಳಿದರು. ದಾಟು ಕೈತಪ್ಪುವ ಸುದ್ದಿಗೆ, ಧಾರೆ ನಿಂತದ್ದು ಹೇಗೆ ಎಂದು ಫೋನಿನಲ್ಲಿ ಎರಡೆರಡು ಸಲ ವಿಚಾರಿಸಿದರು. ಆಮೇಲೆ, “ನೀರೆತ್ತೋ ರಬ್ಬರ್ ಹೂವು ಸವೆದಿದೆ. ಪೆಟ್ಟಿಗೆಯಲ್ಲಿ ಹೊಸದಿದೆ. ಕಾಲು ಬಿಚ್ಚಿ ಹಾಕು. ಹೂವನ್ನ ಬಟ್ಟಲಿಗೆ ಕೂರಿಸುವಾಗ ದಳ ಎಲ್ಲ ಒಂದೇ ಕಡೆ ಬಾಗಬೇಕು. ಮೇಲಿಂದ ನೋಡು, ನಿನ್ನಿಂದ ಆಚೆಗೆ ಚಾಚಿರೋ ದಳ ಕೆಲಸದ ಕೈ ಕಡೆ ಬಾಗಿರಬೇಕು. ನೆನಪಿಟ್ಕೊ ಅಮ್ಮ, ಕೆಲಸದ ಕೈ.”

ನೆನಪಿಟ್ಟುಕೊಂಡೆ.

ಜನವರಿ 19

ಓರಗಿತ್ತಿಯ ಕಾಲು ಬಿಚ್ಚಿದೆ. ಬೋಲ್ಟುಗಳು ಉಪ್ಪು ತಿಂದು ಕಚ್ಚಿಕೊಂಡಿದ್ದವು. ಇವರ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟು, ಒಂದು ಹಗಲು ಒಂದು ರಾತ್ರಿ ನೆನೆಯಲು ಬಿಟ್ಟು, ಇವತ್ತು ಬೆಳಿಗ್ಗೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದೆ. ಕೊನೆಯದು ಹಂದಲೇ ಇಲ್ಲ. “ನೀನು ಹಿರಿಯಳು, ಒಪ್ಪಿದೆ, ಈಗ ಬಿಡು” ಎಂದು ಗೊಣಗಿ ಇನ್ನೊಮ್ಮೆ ತಿರುಗಿಸಿದೆ. ಬಿಟ್ಟಿತು. ಕಾಕತಾಳೀಯ.

ಒಳಗೆ ಬಟ್ಟಲು, ಬಟ್ಟಲಲ್ಲಿ ಹೂವು. ಹೂವೆಂದರೆ ಹೂವೇ, ಕಪ್ಪು ರಬ್ಬರಿನ ದಪ್ಪ ದಳಗಳು. ಹಳೆಯದರ ದಳಗಳು ಮುದುಡಿ ಹಾಗೇ ಗಟ್ಟಿಯಾಗಿದ್ದವು. ಹೊಸದಕ್ಕೆ ಸೋಪಿನ ನೀರು ಸವರಿ, ಮಾವ ಹೇಳಿದ ಹಾಗೆಯೇ ಕೆಲಸದ ಕೈ ಕಡೆಗೆ ಬಾಗಿಸಿ ಕೂರಿಸಿದೆ. ಬೋಲ್ಟು ಬಿಗಿದೆ. ಕೈಯೆಲ್ಲ ಕರಿ, ಉಗುರಿನ ಸಂದಿಯಲ್ಲೂ ಕರಿ. ಇವರು ಸೋಪು ತಂದಿಟ್ಟರು. ನನಗೇ ತೊಳೆಯುವ ಮನಸ್ಸಾಗಲಿಲ್ಲ. ನಾಕು ಜನ ನೋಡಲಿ.

ಜನವರಿ 20

ಡ್ರಮ್ಮಿನಲ್ಲಿ ಇಳಿಸಿ ಶುರು ಮಾಡಿದೆ. ಧಾರೆ ಒಂದು ಗುಟುಕು ಬಂದು ನಿಂತಿತು. ಮತ್ತೆ ಬಿಚ್ಚಿದೆ. ಹೊಸ ಹೂವಿನ ದಳಗಳು ಹರಿದು ಚೂರಾಗಿವೆ.

ಬರೆಯಲು ಮನಸ್ಸಿಲ್ಲ.

ಜನವರಿ 21

ಮೊದಲು ರಬ್ಬರನ್ನು ಬೈದೆ, ಪೆಟ್ಟಿಗೆಯಲ್ಲೇ ಹಳತಾಗಿದೆ ಎಂದು. ಆಮೇಲೆ ಮಾರಿದ ಅಂಗಡಿಯವನನ್ನು ಬೈದೆ. ಆಮೇಲೆ ಓರಗಿತ್ತಿಯನ್ನು. ಇವರು ಬಾಗಿಲಲ್ಲಿ ನಿಂತು, “ನನ್ನ ಸರದಿ ಯಾವಾಗ?” ಎಂದರು. “ಸಾಲಿನಲ್ಲಿ ನಿಲ್ಲಿ” ಎಂದೆ. ನಕ್ಕೆವು.

ದಕ್ಕೆಯಲ್ಲಿ ಬೆಳ್ಳಿಯ ದೋಣಿಗೆ ಜನ ಹತ್ತುವುದು ಕಿಟಕಿಯಿಂದ ಕಾಣುತ್ತದೆ. ಮಾವ ಎಷ್ಟೋ ವರ್ಷ ಬೆಳಗಾನೆದ್ದು ನಿಂತ ಜಾಗ ಅದು. ಅವರು ಮನೆಗೆ ಬಂದಾಗ ಆ ಜಾಗದಲ್ಲಿ ಬೇರೆ ದೋಣಿ ಇದ್ದರೆ ನಾನು ಯಾವ ಮುಖ ಇಟ್ಟುಕೊಂಡು ಲೋಟ ಕೊಡಲಿ?

ನಾಳೆ ಆಚೆ ದಡಕ್ಕೆ ಹೋಗಬೇಕು, ಬೆಳ್ಳಿಯ ದೋಣಿಯಲ್ಲಿ, ಕಾಸು ಕೊಟ್ಟು ಕೂತು.

ಜನವರಿ 22

ಬೆಳ್ಳಿ ಕಾಸು ತೆಗೆದುಕೊಳ್ಳಲಿಲ್ಲ. ಅವನ ಮೋಟರಿನ ಧಾರೆ ದಪ್ಪವಾಗಿ, ಬಡಾಯಿ ಕೊಚ್ಚಿದ ಹಾಗೆ ಬೀಳುತ್ತಿತ್ತು. ದಾರಿಯುದ್ದಕ್ಕೂ ನಾನು ಅದನ್ನೇ ನೋಡುತ್ತಿದ್ದೆನಂತೆ. “ಅತ್ತಿಗೆ, ದೃಷ್ಟಿ ಹಾಕಬೇಡಿ” ಎಂದ.

ನಾಳೆ ಮಾವನಿಗೆ ಆಪರೇಷನ್. ಗಡ್ಡ ಬೋಳಿಸಿ ಚಿಕ್ಕವರಾಗಿ ಕಾಣುತ್ತಿದ್ದರು. ನನ್ನನ್ನು ನೋಡಿದ ತಕ್ಷಣ, “ಹೂವು ಹೇಗಿದೆ?”

“ಚೆನ್ನಾಗಿ ಹೋಗ್ತಾ ಇದ್ದಾಳೆ ಮಾವ, ಬಿಲ್ಲಿನ ಹಾಗೆ” ಎಂದೆ. ಆಪರೇಷನ್ನಿಗೆ ಹೋಗುವ ಮನುಷ್ಯನಿಗೆ ಇನ್ನೇನು ಹೇಳಲಿ?

ಅಷ್ಟರಲ್ಲಿ ನರ್ಸಮ್ಮ ಟ್ರೇ ಹಿಡಿದು ಬಂದರು. “ಯಜಮಾನ್ರೇ, ನಿಮ್ಮ ಕೆಲಸದ ಕೈ ಯಾವುದು? ಅದನ್ನ ಬಿಟ್ಟು ಇನ್ನೊಂದಕ್ಕೆ ಸೂಜಿ ಹಾಕ್ತೀನಿ.”

ಮಾವ ಬಲಗೈ ಮುಂದೆ ಚಾಚಿದರು. ಎಡಗೈಯನ್ನು ಎದೆಗೆ ಅವಚಿಕೊಂಡು, “ಇದನ್ನ ಮಾತ್ರ ಮುಟ್ಟಬೇಡಮ್ಮ, ಇದರಲ್ಲೇ ನನ್ನ ಜೀವನ” ಎಂದರು.

ನಾನು ಕೂತಲ್ಲೇ ನಗತೊಡಗಿದೆ. ಎಡಚರು. ಮಾವ ಎಡಚರು. ಇಷ್ಟು ವರ್ಷ ಅವರ ಎಡಗೈಗೇ ಲೋಟ ಕೊಟ್ಟವಳು ನಾನು, ತಿರುಗುಮುರುಗು ಗಂಟು ಬಿಚ್ಚಿ ಬಿಚ್ಚಿ ಬೆರಳು ನೋಯಿಸಿಕೊಂಡವಳು ನಾನು. ಕೆಲಸದ ಕೈ ಎಂದಾಗ ಮಾತ್ರ ನನ್ನ ಕೈಯನ್ನೇ ನೋಡಿಕೊಂಡೆ. ದಳಗಳೆಲ್ಲ ತಿರುಗಾಮುರುಗಾ ಬಾಗಿ, ಮೋಟರು ತಿರುಗಿದ ಹೊಡೆತಕ್ಕೆ ಹರಿದುಹೋಗಿವೆ. ಪಕ್ಕದ ಹಾಸಿಗೆಯವನಿಗೂ ನನ್ನ ನಗು ಅಂಟಿತು. ನರ್ಸಮ್ಮ ಮಾವನನ್ನು ಬಿಟ್ಟು ನನ್ನ ನಾಡಿ ಹಿಡಿದು ನೋಡಿದರು.

“ಏನಾಯ್ತಮ್ಮ?” ಎಂದರು ಮಾವ.

“ಏನಿಲ್ಲ ಮಾವ. ನಿಮ್ಮ ಕೈ ಚೆನ್ನಾಗಿದೆ.”

ಅವರು ನನ್ನ ಉಗುರಿನ ಕರಿಯನ್ನು ನೋಡಿದರು, ಏನೂ ಕೇಳಲಿಲ್ಲ. ಹೊಸ ಹೂವು ಅಲ್ಲಿನ ಅಂಗಡಿಯಲ್ಲೇ ಸಿಕ್ಕಿತು. ಮೂಲೆಯ ಡಬ್ಬಿಯ ತಳದಲ್ಲಿತ್ತು. ಅಂಗಡಿಯವನು ಧೂಳು ಊದಿ, “ಇದನ್ನ ಕೇಳ್ಕೊಂಡು ಬರೋದು ಒಬ್ಬರು ಎಡಗೈ ಮುದುಕರು ಮಾತ್ರ” ಎಂದ. “ಇನ್ನು ಮೇಲೆ ಒಬ್ಬಳು ಬಲಗೈಯವಳೂ ಬರ್ತಾಳೆ” ಎಂದು ಹೇಳಿ ಬಂದೆ.

ಜನವರಿ 23

ಬೆಳಿಗ್ಗೆ ಮಾವ ಒಳಗೆ ಹೋದ ಹೊತ್ತಿಗೆ ನಾನೂ ಮೋಟರಿನ ಮುಂದೆ ಕೂತೆ. ಆಸ್ಪತ್ರೆಗೆ ಹೋಗಿ ಬಾಗಿಲು ನೋಡುತ್ತಾ ಕೂರುವುದಕ್ಕಿಂತ ಇದು ಮೇಲು ಎಂದು ಇವರೇ ಹೇಳಿದರು. ನನ್ನ ನಾದಿನಿ ಅಲ್ಲಿದ್ದಾರೆ.

ಹೂವು ಹಾಕಲು ಹೋದವಳನ್ನು ಇವರು ತಡೆದರು. “ಇರು. ಹರಿದ ಚೂರೆಲ್ಲ ಎಲ್ಲಿ?” ಬಟ್ಟಲಲ್ಲಿ ಸಿಕ್ಕಿದ್ದನ್ನು ಕೊಟ್ಟೆ. ಬಿಳಿ ಬಟ್ಟೆ ಹಾಸಿ, ಅದರ ಮೇಲೆ ಹರಿದ ಹೂವಿನ ನಡುವನ್ನಿಟ್ಟು, ಚೂರುಗಳನ್ನು ಒಂದೊಂದಾಗಿ ಸುತ್ತ ಜೋಡಿಸಿದರು. ಕತ್ತರಿಸಿದ ಬಟ್ಟೆಯಿಂದ ಅಂಗಿ ಜೋಡಿಸುವ ಹಾಗೆಯೇ, ತುಟಿಯಲ್ಲಿ ಗುಂಡುಸೂಜಿ ಒಂದಿರಲಿಲ್ಲ ಅಷ್ಟೇ. ಒಂದು ದಳದ ತುದಿ ಖಾಲಿ ಉಳಿಯಿತು.

“ಇದು ಇನ್ನೂ ಒಳಗಿದೆ,” ಎಂದರು. “ತೋಳಿಲ್ಲದೆ ಅಂಗಿ ಮುಗಿಯೋದಿಲ್ಲ.”

ಹೊಸ ಹೂವು ಹಾಕಿ ಓಡಿಸಿದ್ದರೆ ಆ ತುಂಡು ನೀರಿನ ದಾರಿಗೆ ಬಿರಡೆ ಆಗುತ್ತಿತ್ತು. ನೀರೇರುವ ಕೊಳವೆಗೆ ಬಾಯಿಟ್ಟು ಊದಿದೆ. ಉಪ್ಪು, ಎಣ್ಣೆ, ಮಣ್ಣು ಎಲ್ಲದರ ರುಚಿ ನೋಡಿದೆ. ಕದಲಲಿಲ್ಲ. ಇವರು ತಮ್ಮ ಉದ್ದನೆಯ ಕೊಕ್ಕೆಸೂಜಿ ತಂದು, ಕಣ್ಣು ಮುಚ್ಚಿ, ಬೆರಳಲ್ಲೇ ನೋಡುವವರ ಹಾಗೆ ಒಳಗೆ ತಡಕಾಡಿ, ಕರಿ ತುಂಡೊಂದನ್ನು ಎಳೆದು ತಂದು ಖಾಲಿ ಜಾಗಕ್ಕೆ ಇಟ್ಟರು. ಸರಿಯಾಗಿ ಕೂತಿತು. ಇವರಿಗೆ ದೋಣಿ ಹತ್ತಲು ಬರುವುದಿಲ್ಲ ಎಂದು ನಗುವವರು ಈ ಕೈಯನ್ನು ನೋಡಬೇಕಿತ್ತು.

ಹೊಸ ಹೂವನ್ನು ಎಡಕ್ಕೆ ಬಾಗಿಸಿ ಕೂರಿಸಿದೆ. ಡ್ರಮ್ಮಿಗೆ ಸಿಹಿನೀರು ತುಂಬಿಸಿ ಹಗ್ಗ ಎಳೆದೆ. ಬಂತು. ಬೆರಳಿಟ್ಟರೆ ಬೆರಳನ್ನು ತಳ್ಳುವಂಥ ಧಾರೆ, ಹದವಾಗಿ ಬೆಚ್ಚಗೆ. ಅದರ ಕೆಳಗೆ ಕೈ ಹಿಡಿದು ಕೂತೇ ಇದ್ದೆ.

ಆಗಲೇ ಫೋನು. ಆಪರೇಷನ್ ಆಯಿತಂತೆ, ಎಲ್ಲ ಸರಿಯಂತೆ. ಇವರು ಮೋಟರಿನ ಸದ್ದಿನಲ್ಲಿ ನನಗೆ ಕೂಗಿ ಹೇಳಿದರು, “ಅಪ್ಪಂದೂ ಹೋಯ್ತಂತೆ.” ಬೀದಿಯಲ್ಲಿ ಹೋಗುತ್ತಿದ್ದ ಹೆಂಗಸೊಬ್ಬಳು ಬೆಚ್ಚಿ ನಿಂತಳು. ಅವಳಿಗೆ ವಿವರ ಹೇಳಿ ಸಮಾಧಾನ ಮಾಡುವಷ್ಟರಲ್ಲಿ ಸಾಕುಸಾಕಾಯಿತು.

ಜನವರಿ 28

ದಿನಾ ಖಾಲಿ ದೋಣಿಯಲ್ಲಿ ಹೋಗಿ ಬರುತ್ತೇನೆ. ಓರಗಿತ್ತಿ ಅಕ್ಕನಿಗೆ ಇಳಿತದ ಹೊತ್ತಿನ ಕೆಸರುನೀರು ಆಗುವುದಿಲ್ಲ, ದನಿ ಒರಟಾಗುತ್ತದೆ. ಆಗ ದಡದ ಕಡೆಯಿಂದ ಸ್ವಲ್ಪ ಆಚೆ ಆಳದಲ್ಲಿ ನಡೆಸಿದರೆ ಸರಿಹೋಗುತ್ತಾಳೆ. ವೇಗ ಹೆಚ್ಚಿಸುವ ಮೊದಲು ಒಂದು ಗಳಿಗೆ ಬಿಡಬೇಕು. ಸಂಜೆ ಜಾಲರಿಯಲ್ಲಿ ಸಿಕ್ಕ ಕಳೆ ತೆಗೆಯುವುದು, ಆಮೇಲೆ ಡ್ರಮ್ಮು. ಬೆಳ್ಳಿ ಬಂದು ನೋಡಿ, “ಹಳೇ ಕಾಲದ್ದು, ಆದ್ರೂ ಗಟ್ಟಿ” ಎಂದ. “ಹಳೇದು ಅನ್ನಬೇಡ, ಅವಳಿಗೆ ಕೇಳಿಸುತ್ತೆ” ಎಂದೆ. ಬೆಳ್ಳಿ ನನ್ನ ಮುಖವನ್ನೇ ನೋಡಿದ.

ಫೆಬ್ರವರಿ 4

ಸೀಟಿ ಸಾಹೇಬರ ಪರೀಕ್ಷೆ, ಮಾವನ ಬಿಡುಗಡೆ, ಎರಡೂ ಒಂದೇ ದಿನ ಬಿದ್ದವು. ಹೋಗುವಾಗ ಪರೀಕ್ಷೆಯ ಅರ್ಧ, ಬರುವಾಗ ಮಾವನ ಜೊತೆ ಇನ್ನರ್ಧ.

ದೋಣಿ ತುಂಬಬೇಕಿತ್ತಲ್ಲ. ಎಲ್ಲ ಹತ್ತಿದ ಮೇಲೂ ಒಂದು ಜಾಗ ಉಳಿಯಿತು. ಸಾಹೇಬರು, “ಇನ್ನೊಬ್ಬರು ಬೇಕು” ಎಂದರು. ದಕ್ಕೆಯ ಕಂಬ ಹಿಡಿದು ನಿಂತಿದ್ದ ನಮ್ಮವರು ಕಂಬ ಬಿಟ್ಟು, ಹೆಗಲ ಟೇಪು ತೆಗೆದು ಜೇಬಿಗಿಟ್ಟು, ಕಣ್ಣು ಮುಚ್ಚಿ ದೋಣಿಗೆ ಕಾಲಿಟ್ಟರು. ಮೂಟೆ ಹೊರುವವನು ಅವರ ತೋಳು ಹಿಡಿದು ಕೂರಿಸಿದ. ನನಗೆ ಆಗ ಆದ ಹೆಮ್ಮೆಗೆ ಮೋಟರನ್ನೇ ಶುರು ಮಾಡುವುದು ಮರೆತಿತ್ತು.

ಹೋಗುವಾಗ ತೊಂದರೆಯಾಗಲಿಲ್ಲ. ಬರುವಾಗ ಮಾವ ಮುಂದಿನ ಹಲಗೆಯ ಮೇಲೆ, ಇವರು ಹೊಲಿದ ದಿಂಬಿನ ಮೇಲೆ ಕೂತರು, ಮೋಟರಿಗೆ ಬೆನ್ನು ಮಾಡಿ. ತಿರುಗಿ ನೋಡುವುದಿಲ್ಲ ಎಂದು ಹಟ ತೊಟ್ಟವರ ಹಾಗೆ. ಇಳಿತ ಶುರುವಾಗಿತ್ತು. ಅಂದು ನಿಂತಿದ್ದ ಅದೇ ಸೆಳೆತ ಬಂತು. ಧಾರೆ ಒಮ್ಮೆ ತೊದಲಿತು.

ಎಲ್ಲರಿಗೂ ಒಟ್ಟಿಗೆ ಬಾಯಿ ಬಂತು. ನರ್ಸಮ್ಮ ವಾಸನೆ ಬರುತ್ತಿದೆ ಎಂದರು, ಬರುತ್ತಿರಲಿಲ್ಲ. ಸಾಹೇಬರು ಬೆಳ್ಳಿಯನ್ನು ಕರೆಯಲೇ ಎಂದು ಸೀಟಿ ಬಾಯಿಗಿಟ್ಟರು. ಮಾವ ಬೆನ್ನು ತಿರುಗಿಸದೆಯೇ, “ವೇಗ ಇಳಿಸು, ಇಳಿಸಮ್ಮ, ಅಲ್ಲ ಅಲ್ಲ, ಸ್ವಲ್ಪ ಎಡಕ್ಕೆ, ನಿನ್ನ ಎಡಕ್ಕೆ” ಎಂದು ಶುರು ಹಚ್ಚಿದರು.

“ಸ್ವಲ್ಪ ಸುಮ್ಮನಿರಿ,” ಎಂದೆ, “ಅವಳ ಮಾತು ಕೇಳಿಸ್ತಿಲ್ಲ.”

ಸೀಟಿ ಬಾಯಿಂದ ಬಿತ್ತು. ದೋಣಿಯೆಲ್ಲ ಗಪ್‌ಚಿಪ್. ನಾನು ಕಿವಿ ಓರೆ ಮಾಡಿದೆ. ದನಿ ಒರಟಾಗಿತ್ತು, ಬಿಸಿಯ ದನಿಯಲ್ಲ, ಕೆಸರಿನದು. ಜಾಲರಿಗೆ ಕಳೆ ಅಂಟಿದೆ. ಗೇರು ಬಿಡಿಸಿದೆ, ಕ್ಷಣ ಹಿಂದಕ್ಕೆ ತಿರುಗಿಸಿದೆ, ಕಳೆ ಬಿಟ್ಟುಹೋಯಿತು. ಆಳದ ಕಡೆಗೆ ಮೂತಿ ತಿರುಗಿಸಿ ಮೆಲ್ಲಗೆ ಎಬ್ಬಿಸಿದೆ. ಧಾರೆ ಮತ್ತೆ ಬಿಲ್ಲಾಯಿತು. ದಕ್ಕೆ ಮುಟ್ಟುವವರೆಗೆ ಬಿಲ್ಲಾಗಿಯೇ ಇತ್ತು.

ಸಾಹೇಬರು ಸೀಟಿಯನ್ನು ಒರೆಸಿಕೊಳ್ಳುತ್ತಾ, “ನಾಳೆಯಿಂದ ನಿಮ್ಮ ದೋಣಿ ಬರಲಿ ಯಜಮಾನ್ರೇ” ಎಂದರು. ಮಾವ ಎದ್ದು, ಹಲಗೆ ಹಲಗೆ ಹಿಡಿದು ಹಿಂದಕ್ಕೆ ಬಂದರು. ಎಡಗೈಯನ್ನು ಧಾರೆಗೆ ಒಡ್ಡಿ ಬಿಸಿ ನೋಡಿದರು. ಆ ಒದ್ದೆ ಕೈಯನ್ನು ನನ್ನ ತಲೆಯ ಮೇಲಿಟ್ಟು ಸಾಹೇಬರಿಗೆ ಹೇಳಿದರು, “ನನ್ನನ್ನ ಯಾಕೆ ಕೇಳ್ತೀರಿ? ನಡೆಸೋರನ್ನ ಕೇಳಿ.”

ಇವರು ಇನ್ನೂ ಕಣ್ಣು ಮುಚ್ಚಿಯೇ ಇದ್ದರು, ಆದರೆ ಸೆಳೆತದ ನಡುವೆ ನಾನು ಎಲ್ಲರನ್ನೂ ಸುಮ್ಮನಾಗಿಸಿದಾಗಿನಿಂದ ನಗುತ್ತಲೇ ಇದ್ದರು. ತಲೆಸುತ್ತಿನಿಂದ ಇರಬೇಕು. ಮನೆಗೆ ಬಂದು ಕೇಳಿದರೆ ಅಪ್ಪನ ಮುಖ ನೋಡುತ್ತಾರೆ, ಇಬ್ಬರೂ ಸೇರಿ ನಗುತ್ತಾರೆ, ಹೇಳುವುದಿಲ್ಲ. ಅಷ್ಟು ಸಾಲದೆಂದು ಕೈ ತೊಳೆಯಲು ಇವರು ಡ್ರಮ್ಮಿಗೆ ಚೊಂಬು ಅದ್ದಿದರು. ಅಕ್ಕನ ಸ್ನಾನ ಇನ್ನೂ ಆಗಿರಲಿಲ್ಲ. ನಾನೇನೂ ಬೈಯಲಿಲ್ಲ, ಸುಮ್ಮನೆ ಚೊಂಬನ್ನೇ ನೋಡಿದೆ. ಅದಕ್ಕೂ ಇಬ್ಬರೂ ಬಿದ್ದು ಬಿದ್ದು ನಕ್ಕರು.

ಅದರಲ್ಲಿ ನಗುವಂಥದ್ದು ಏನಿತ್ತೋ.